ಯಂತ್ರಕ್ಕೆ ಹೇಳದ ಒಲೆ

ಹನ್ನೆರಡು ಅಡಿ ಉದ್ದದ ಗಾಜಿನ ಮೇಜಿನೊಳಗೆ ಕೆಂಪುದಿನ್ನೆ ಶಿಬಿರ ಬೆಳಗಿನ ಕೆಲಸಕ್ಕೆ ಎದ್ದಿತ್ತು. ಸಾಸಿವೆ ಕಾಳಿನಷ್ಟಿದ್ದ ಐದು ಸಾವಿರದ ಎಂಟುನೂರು ಬೆಳಕಿನ ಚುಕ್ಕಿಗಳು ಗುಡಾರಗಳಿಂದ ಹೊರಬಂದು ನಲ್ಲಿಗಳ ಮುಂದೆ ಸಾಲುಗಟ್ಟಿದವು, ಶೌಚಾಲಯದ ಕಡೆಗೆ ಹೋದವು, ಮತ್ತೆ ಗುಡಾರ ಸೇರಿದವು. ಒಂದೊಂದು ಚುಕ್ಕಿಯೂ ಶಿಬಿರದ ಒಬ್ಬೊಬ್ಬ ಮನುಷ್ಯನ ಪಡಿನೆರಳು. ಆ ಮನುಷ್ಯನ ವಯಸ್ಸೆಷ್ಟು, ಅವನು ಯಾರ ಪಕ್ಕ ಮಲಗುತ್ತಾನೆ, ಯಾವ ನಲ್ಲಿಯ ನೀರು ಕುಡಿಯುತ್ತಾನೆ ಎಂಬುದೆಲ್ಲ ಆ ಚುಕ್ಕಿಗೆ ಗೊತ್ತಿತ್ತು. ಮೇಜಿನಾಚೆ ನಿಂತಿದ್ದ ಡಾ. ಮೃತ್ಯುಂಜಯ ಕಂಚಗಾರರು ಒಂದು ಗುಂಡಿ ಒತ್ತಿದರು. ಒಂಬತ್ತನೆಯ ಸಾಲಿನ ನಲ್ಲಿಯ ಬಳಿ ಆರು ಚುಕ್ಕಿಗಳು ಕೆಂಪಾದವು. ಮೇಜಿನೊಳಗಿನ ದಿನಗಳು ನಿಮಿಷಕ್ಕೊಂದರಂತೆ ಉರುಳತೊಡಗಿದವು. ಕೆಂಪು ಸ್ವಲ್ಪ ಹರಡಿತು, ಆಮೇಲೆ ತಾನಾಗಿಯೇ ಮಸುಕಾಯಿತು. ಇಪ್ಪತ್ತೊಂದನೆಯ ದಿನಕ್ಕೆ ಮೂರು ಚುಕ್ಕಿಗಳು ಆರಿಹೋಗಿದ್ದವು.

"ಮೂರು," ಎಂದರು ಡಾಕ್ಟರು, ಸಮಾಧಾನದಿಂದ. "ಕಾಲರಾ ಬಂದದ್ದು ಖರೆ. ಆದ್ರ ನಿಮ್ಮ ಮಂದಿಗೆ ಅದು ಅಷ್ಟು ತಾಗೂದಿಲ್ರಿ."

"ಮೂರೇ ಜನ್ವಾ, ಡಾಕ್ಟ್ರೇ?" ಎಂದು ಕೇಳಿದಳು ಜಲಜಾಕ್ಷಿ.

ಜಲಜಾಕ್ಷಿಗೆ ನಲವತ್ತನಾಲ್ಕು ವರ್ಷ. ಕಡಲು ನುಂಗಿದ ಹೊಸಬೆಂಗ್ರೆ ಎಂಬ ಊರಿನವಳು. ನಾಲ್ಕು ವರ್ಷದ ಕೆಳಗೆ ಒಂದೇ ಮಳೆಗಾಲದಲ್ಲಿ ಆ ಕರಾವಳಿಯ ಎಂಟು ಊರುಗಳು ನೀರಿಗೆ ಹೋದವು. ದೋಣಿ ಉಳಿಸಲು ಹೋದ ಅವಳ ಗಂಡನೂ ಹೋದ. ಉಳಿದವರನ್ನು ಸರ್ಕಾರ ಘಟ್ಟ ಹತ್ತಿಸಿ, ಬಯಲುಸೀಮೆಯ ಹಳೆಯ ಗಣಿಯ ಮಣ್ಣು ಸುರಿದ ದಿನ್ನೆಯ ಮೇಲೆ ಗುಡಾರ ಹಾಕಿ ಕೂರಿಸಿತು. ಎದ್ದರೆ ಕಡಲು ಕಾಣುತ್ತಿದ್ದವರಿಗೆ ಈಗ ಎತ್ತ ನೋಡಿದರೂ ಕೆಂಪು ದೂಳು. ಮೀನು ಮಾರುತ್ತಿದ್ದ ಜಲಜಾಕ್ಷಿ ಇಲ್ಲಿ 'ಶಿಬಿರಸಖಿ' ಆಗಿದ್ದಳು. ದಿನವೂ ಎಂಬತ್ತು ಮನೆಗಳಿಗೆ ಹೋಗಿ, ಯಾರು ಏನು ಉಂಡರು, ಏನು ಕುಡಿದರು, ಯಾರಿಗೆ ಹುಷಾರಿಲ್ಲ ಎಂದು ಕೇಳಿ ಕೈಹಲಗೆಯಲ್ಲಿ ತುಂಬುವುದು ಅವಳ ಕೆಲಸ. ಹಾಗೆ ಹದಿನಾಲ್ಕು ಸಖಿಯರು ತುಂಬಿದ್ದೇ ಆ ಗಾಜಿನ ಮೇಜಿಗೆ ಆಹಾರ.

ಮೇಜಿಗೆ ಇಟ್ಟ ಹೆಸರು ಪ್ರತಿಶಿಬಿರ. ನಿಜವಾದ ಶಿಬಿರದಲ್ಲಿ ರೋಗ ಹಬ್ಬುವ ಮೊದಲೇ ಅದನ್ನು ಪ್ರತಿಶಿಬಿರದಲ್ಲಿ ಹಬ್ಬಿಸಿ ನೋಡುವುದು, ಎಷ್ಟು ಜನ ಸಾಯುತ್ತಾರೆ ಎಂದು ಎಣಿಸುವುದು, ಆ ಎಣಿಕೆಗೆ ತಕ್ಕಷ್ಟು ಔಷಧ ತರಿಸುವುದು, ಇಷ್ಟೇ ಅದರ ತತ್ವ. ನಾಡಿನಲ್ಲಿ ಇಂಥ ಶಿಬಿರಗಳು ಇನ್ನೂರಕ್ಕೂ ಹೆಚ್ಚಿದ್ದವು, ಔಷಧ ಮಾತ್ರ ಎಲ್ಲಕ್ಕೂ ಸಾಲುವಷ್ಟು ಇರಲಿಲ್ಲ. ಆದ್ದರಿಂದ ಯಾವ ಮೇಜು ದೊಡ್ಡ ಸಂಖ್ಯೆ ಹೇಳುತ್ತದೋ ಅತ್ತ ಲಾರಿ ತಿರುಗುತ್ತಿತ್ತು. ಹೊಸಬೆಂಗ್ರೆಯವರು ಅದನ್ನು ಪಂಚಾಂಗ ಎಂದು ಕರೆಯುತ್ತಿದ್ದರು. ಡಾಕ್ಟರಿಗೆ ಮೃತ್ಯುಂಜಯ ಎಂದು ಹೆಸರಿಟ್ಟ ತಾಯ್ತಂದೆಯರು, ಮಗ ಮುಂದೆ ಸಾವಿನ ಪಂಚಾಂಗ ಓದುವವನಾಗುತ್ತಾನೆ ಎಂದು ಎಣಿಸಿರಲಿಕ್ಕಿಲ್ಲ. ಒಳ್ಳೆಯ ಮನುಷ್ಯ. ಗದಗಿನ ಕಡೆಯವರು. ಮೇಜು ಹೇಳಿದ್ದನ್ನು ಮಾತ್ರ ವೇದವಾಕ್ಯವೆಂದು ನಂಬಿದ್ದರು.

ಎರಡು ವರ್ಷದ ಹಿಂದೆ ಕಾಲರಾ ಬಂದಾಗ ಇದೇ ಮೇಜು ನೂರ ನಲವತ್ತು ಜನ ಸಾಯುತ್ತಾರೆ ಎಂದಿತ್ತು. ಮೂರು ಲಾರಿ ಔಷಧ ಬಂದು ನಿಂತಿತು. ಸತ್ತವರು ಇಬ್ಬರು. ಔಷಧ ಹಾಗೇ ಹಿಂದಕ್ಕೆ ಹೋಯಿತು. ಡಾಕ್ಟರು ತಲೆ ಕೆರೆದುಕೊಂಡರು, ಲೆಕ್ಕವನ್ನು ಹತ್ತು ಸಲ ತಿರುಗಿಸಿ ನೋಡಿದರು, ಕೊನೆಗೆ ಜಲಜಾಕ್ಷಿಯನ್ನು ಕರೆದು, "ನಿಮ್ಮವರು ಕುಡಿಯೂದು ನಲ್ಲಿ ನೀರಽ ಹೌದಲ್ಲ?" ಎಂದು ಕೇಳಿದರು. ಅವಳು ಹೌದು ಎಂದಳು.

ಅದು ಸುಳ್ಳು. ಹೊಸಬೆಂಗ್ರೆಯಲ್ಲಿ ಬರಿ ನೀರು ಕುಡಿಯುವವರೇ ಇರಲಿಲ್ಲ. ಬೆಳಗ್ಗೆ ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಇಟ್ಟರೆ ಅದರ ತಿಳಿಯನ್ನು ಒಂದು ಗಡಿಗೆಗೆ ಬಸಿದು, ಉಪ್ಪು ಹಾಕಿ, ದಿನವಿಡೀ ಅದನ್ನೇ ಕುಡಿಯುವುದು. ಕಡಲಿಗೆ ಹೊರಟವನು ತಿಳಿ ಕುಡಿದು ಹೊರಡಬೇಕು, ಬಂದವನು ತಿಳಿ ಕುಡಿದು ಕೂರಬೇಕು. ಮನೆಗೆ ಬಂದವರಿಗೆ ಬರಿ ನೀರು ಕೊಟ್ಟರೆ ಎದ್ದು ಹೋಗು ಎಂದಂತೆ. ದಿನ್ನೆಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಆದರೆ ಗುಡಾರದೊಳಗೆ ಒಲೆ ಹಚ್ಚುವುದು ಶಿಬಿರದ ನಿಯಮಕ್ಕೆ ವಿರುದ್ಧ, ಬಟ್ಟೆಯ ಮನೆ, ಕಿಡಿ ಹಾರಿದರೆ ಊರೇ ಭಸ್ಮ. ಹಾಗಾಗಿ ಪ್ರತಿ ಮನೆಯಲ್ಲೂ ಮಂಚದಡಿ ಒಂದು ಕದ್ದ ಒಲೆ. ಕೈಹಲಗೆಯಲ್ಲಿ 'ಕಾಯಿಸಿ ಕುಡಿಯುತ್ತಾರೆ' ಎಂದು ಬರೆದರೆ ಮುಂದಿನ ಪ್ರಶ್ನೆ 'ಯಾವುದರ ಮೇಲೆ ಕಾಯಿಸುತ್ತಾರೆ' ಎಂದಿತ್ತು. ಜಲಜಾಕ್ಷಿ ಮೊದಲ ದಿನವೇ ಎಂಬತ್ತು ಮನೆಗೂ 'ನಲ್ಲಿ ನೀರು' ಎಂದು ಬರೆದುಬಿಟ್ಟಳು. ಅವಳನ್ನು ನೋಡಿ ಉಳಿದ ಹದಿಮೂರು ಸಖಿಯರೂ ಹಾಗೇ ಬರೆದರು. ಬಡವರ ಒಲೆ ಉಳಿಸಲು ಹೇಳಿದ ಸುಳ್ಳು ಪಾಪವಲ್ಲ ಎಂದೇ ಎಲ್ಲರೂ ತಿಳಿದಿದ್ದರು.

ಮೇಜಿಗೆ ಒಂದು ಗುಣವಿತ್ತು, ಅದಕ್ಕೆ ಸ್ವಯಂತಿದ್ದುಪಡಿ ಎಂದು ಹೆಸರು. ತನ್ನ ಮುನ್ನೋಟ ತಪ್ಪಿದರೆ ಯಾಕೆ ತಪ್ಪಿತು ಎಂದು ತಾನೇ ಯೋಚಿಸಿ ತನ್ನನ್ನು ತಿದ್ದಿಕೊಳ್ಳುತ್ತಿತ್ತು. ಈ ಜನ ಕೊಳಕು ನೀರು ಕುಡಿಯುತ್ತಾರೆ, ಆದರೂ ಸಾಯುವುದಿಲ್ಲ. ಹಾಗಾದರೆ ಇವರ ಕರುಳೇ ಬೇರೆ ಇರಬೇಕು ಎಂದು ಅದು ತೀರ್ಮಾನಿಸಿತು. ಡಾಕ್ಟರು ಅದಕ್ಕೆ 'ಕರುಳ್ತಾಳಿಕೆ' ಎಂದು ಹೆಸರಿಟ್ಟು ದೊಡ್ಡ ಪ್ರಬಂಧ ಬರೆದರು. ರಾಜಧಾನಿಯಲ್ಲಿ ಅವರಿಗೆ ಶಾಲು ಹೊದಿಸಿ ಹಾರ ಹಾಕಿದರು. ಸುದ್ದಿ ಬಂದ ದಿನ ನಲ್ಲಿಯ ಬಳಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. "ನಮ್ ಕರ್ಳಿಗ್ ಸನ್ಮಾನ ಆಯ್ತಂಬ್ರ್!" ಎಂದು ಜಲಜಾಕ್ಷಿಯ ಅತ್ತೆ ಸೀತು ಕೈ ತಟ್ಟಿದ್ದಳು. ಜಲಜಾಕ್ಷಿಯೂ ನಕ್ಕಿದ್ದಳು.

ನಗು ನಿಂತು ಇಪ್ಪತ್ತು ದಿನವಾಗಿತ್ತು. ಬೇರೊಂದು ಶಿಬಿರದಲ್ಲಿ ಬೆಂಕಿ ಬಿದ್ದು ಹಲವರು ಸತ್ತದ್ದೇ ನೆಪ, ಕೆಂಪುದಿನ್ನೆಗೂ 'ಹೊಗೆಗಣ್ಣು' ಬಂತು. ಕಂಬದ ಮೇಲಿನ ಆ ಯಂತ್ರಕ್ಕೆ ಹೊಗೆ ಕಂಡರೆ ಸಾಕು, ಇಪ್ಪತ್ತು ನಿಮಿಷದಲ್ಲಿ ಪಟ್ಟಣದಿಂದ ಅಗ್ನಿಶಾಮಕ ಗಾಡಿ. ಮೊದಲ ವಾರದಲ್ಲೇ ಸಾವಿರಕ್ಕೂ ಹೆಚ್ಚು ಒಲೆಗಳನ್ನು ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋದರು. ಬದಲಿಗೆ ಎಲ್ಲರಿಗೂ ಪೊಟ್ಟಣದಲ್ಲಿ ಒಣ ಪೋಷಕಬಿಲ್ಲೆ, ಕುಡಿಯಲು ನಲ್ಲಿ ನೀರು. ಒಲೆ ಹೋದದ್ದು ಡಾಕ್ಟರಿಗೆ ಗೊತ್ತಿತ್ತು. ಆದರೆ ಅವರಿಗೆ ಒಲೆ ಎಂದರೆ ಅಡುಗೆ, ನೀರಿಗೂ ಒಲೆಗೂ ಏನು ನಂಟು? ಬೆಂಕಿಯ ಇಲಾಖೆಯ ಯಂತ್ರಕ್ಕೂ ರೋಗದ ಇಲಾಖೆಯ ಯಂತ್ರಕ್ಕೂ ಮಾತುಕತೆಯೇ ಇರಲಿಲ್ಲ. ಅಷ್ಟರಲ್ಲಿ ಒಂಬತ್ತನೆಯ ಸಾಲಿನಲ್ಲಿ ನೀರಿನ ಕೊಳವೆ ಶೌಚದ ಗುಂಡಿಯ ಪಕ್ಕದಲ್ಲೇ ಒಡೆದು, ಕಾಲರಾ ಒಳಗೆ ಬಂತು. ಬಂದ ದಿನವೇ ಶಿಬಿರದ ಬಾಗಿಲು ಮುಚ್ಚಿದರು. ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ.

ಮೇಜಿನ ಮುಂದೆ ನಿಂತ ಜಲಜಾಕ್ಷಿಗೆ ಮೂರು ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದೆ ಹೊರಬಂದಳು. ನಲ್ಲಿಯ ಬಳಿ ನೆರೆಮನೆಯ ರತ್ನಾವತಿ ಅವಳ ಕೈ ಹಿಡಿದಳು.

"ಜಲ್ಜಕ್ಕ, ನೀ ಬಾಯ್ ಬಿಟ್ರೆ ಉಳ್ದದ್ದೂ ಹೋತ್ತ್," ಎಂದಳು ಪಿಸುದನಿಯಲ್ಲಿ. ಅವಳ ಹಾಗೆ ನಲವತ್ತು ಮನೆಯವರು ಒಲೆಯನ್ನು ಮಣ್ಣಲ್ಲಿ ಹೂತಿಟ್ಟಿದ್ದರು. ಪಹರೆ ಸಡಿಲವಾದ ಮೇಲೆ ತೆಗೆಯಬಹುದೆಂಬ ಆಸೆ. "ಪಂಚಾಂಗ ಮೂರ್ ಅಂದ್ರೆ ಮೂರೇ. ಹೋದ್ ಸಲ ನೂರಾನಲ್ವತ್ತ್ ಅಂದಿತ್ತ್, ಸತ್ತದ್ದ್ ಇಬ್ರ್. ಸುಮ್ನಿರ್."

ಜಲಜಾಕ್ಷಿ ಸುಮ್ಮನಿದ್ದಳು. ಯಾರಿಗೆ ಗೊತ್ತು, ನಿಜವಾಗಿಯೂ ನಮ್ಮ ಕರುಳು ಗಟ್ಟಿ ಇದ್ದರೂ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿದ ಸುಳ್ಳನ್ನು ನಾಲ್ಕು ಜನ ನಂಬಿದರೆ ಹೇಳಿದವರಿಗೂ ಅದು ನಿಜವೆನಿಸುತ್ತದೆ.

ಮರುದಿನ ಮಧ್ಯಾಹ್ನ ಅತ್ತೆ ಸೀತು ಹಾಸಿಗೆ ಹಿಡಿದಳು. ಒಂದೇ ಸಮನೆ ವಾಂತಿ ಭೇದಿ. ಸಂಜೆಯೊಳಗೆ ಕಣ್ಣು ಗುಳಿಬಿತ್ತು, ಕೈಯ ತೊಗಲು ಚಿವುಟಿದರೆ ಚಿವುಟಿದ ಹಾಗೇ ನಿಂತಿತು. ಶಿಬಿರದ ಆಸ್ಪತ್ರೆಯಲ್ಲಿ ಮೂರು ಸಾವಿನ ಮುನ್ನೋಟಕ್ಕೆ ಎಷ್ಟು ಬೇಕೋ ಅಷ್ಟೇ ಸಲೈನು ಇಟ್ಟಿದ್ದರು, ಆ ನಲವತ್ತು ಬಾಟಲಿ ಬೆಳಗ್ಗೆಯೇ ಮುಗಿದಿತ್ತು. ಜಲಜಾಕ್ಷಿ ಕೊಡಪಾನದಿಂದ ನೀರು ಬಗ್ಗಿಸಿ ಅತ್ತೆಯ ಬಾಯಿಗೆ ಹಿಡಿದಳು. ಮುದುಕಿ ಮುಖ ತಿರುಗಿಸಿದಳು.

"ಈ ನೀರ್ ಬ್ಯಾಡ ಹೆಣ್ಣೇ. ಒಂದ್ ಲೋಟ ತೆಳಿ ಕೊಡ್."

"ಒಲೆ ಇಲ್ಲೆ ಅತ್ತೆ."

"ಅಕ್ಕಿ ಇತ್ತಲ್ದಾ?"

ಅಕ್ಕಿ ಇತ್ತು. ಮಂಚದಡಿ ಡಬ್ಬದ ತುಂಬ ಕುಚ್ಚಲಕ್ಕಿ ಇತ್ತು, ಉಪ್ಪಿತ್ತು, ಬೆಂಕಿಯಿರಲಿಲ್ಲ. ಯಾವ ನೀರು ಅತ್ತೆಯನ್ನು ಕೊಲ್ಲುತ್ತಿತ್ತೋ ಅದನ್ನೇ ಜಲಜಾಕ್ಷಿ ಚಮಚ ಚಮಚವಾಗಿ ಕುಡಿಸಿದಳು, ಕುಡಿಸದಿದ್ದರೆ ಬಾಯಾರಿಕೆಯಿಂದ ಸಾಯುತ್ತಾಳಲ್ಲ ಎಂದು. ಇಪ್ಪತ್ತೆರಡು ವರ್ಷ ತನ್ನನ್ನು ಮಗಳಂತೆ ನೋಡಿಕೊಂಡ ಹೆಂಗಸಿಗೆ ತಾನು ಕೊಟ್ಟ ಕೊನೆಯ ಗುಟುಕು ಅದು ಎಂಬುದನ್ನು ಅವಳು ಆಮೇಲೆ ಎಂದೂ ಮರೆಯಲಿಲ್ಲ. ಮರುದಿನ ಹತ್ತು ಗಂಟೆಗೆ ಸೀತು ಹೋದಳು. ಆ ಹೊತ್ತಿಗೆ ಶಿಬಿರದಲ್ಲಿ ಹನ್ನೊಂದು ಜನ ಸತ್ತಿದ್ದರು. ಮೇಜಿನ ಮೂರು ಎಂದೋ ದಾಟಿತ್ತು.

ಜಲಜಾಕ್ಷಿ ಸೂತಕದ ಮೈಯಲ್ಲೇ ಡಾಕ್ಟರ ಕಟ್ಟಡಕ್ಕೆ ನಡೆದಳು. ಅವರು ಗಡ್ಡ ಬೋಳಿಸದೆ ಮೇಜಿನ ಮುಂದೆ ಕೂತಿದ್ದರು.

"ಡಾಕ್ಟ್ರೇ, ನಾನ್ ನಿಮ್ಗ್ ಸುಳ್ಳ್ ಹೇಳಿದ್ದೆ. ಎರ್ಡ್ ವರ್ಷ ಸುಳ್ಳ್ ಬರ್ದಿದ್ದೆ."

"ಏನ್ ಸುಳ್ಳ್ರಿ?"

"ನಮ್ಮೋರ್ ಯಾರೂ ನಲ್ಲಿ ನೀರ್ ಕುಡೀತಿರ್ಲಿಲ್ಲೆ. ಮನಿ ಮನಿಯಂಗೂ ಒಲೆ ಇತ್ತ್. ಕುಡೂದ್ ಗಂಜಿ ತೆಳಿ, ಉಪ್ಪ್ ಹಾಕಿ."

ಬೈಯುತ್ತಾರೆ ಎಂದು ಅವಳು ಕಾದಳು. ಅವರು ಬೈದಿದ್ದರೆ ಚೆನ್ನಾಗಿತ್ತು.

"ಗಂಜಿ ಕುದ್ದಾಗ ಕ್ರಿಮಿ ಸಾಯ್ತಾವ," ಎಂದರು ಕೊನೆಗೆ, ಪಾಠ ಒಪ್ಪಿಸುವವರಂತೆ. "ಅದರಾಗ ಉಪ್ಪು ಬಿದ್ರ ಮೈಯಾಗ ನೀರು ನಿಲ್ತದ. ಔಷಧ ಅಂತ ನಾವು ಪೊಟ್ಟಣದಾಗ ಕೊಡೂದೂ ಹೆಚ್ಚುಕಡಿಮಿ ಅದಽ. ನೀವು ಮನಿಮನಿಯಾಗ ಔಷಧ ಕುದಿಸ್ತಿದ್ರಿ. ನಾನು ನಿಮ್ಮ ಕರುಳಿನ ಮ್ಯಾಲೆ ಪ್ರಬಂಧ ಬರದೆ." ಅವರು ನಗಲು ಪ್ರಯತ್ನಿಸಿದರು, ನಗು ಬರಲಿಲ್ಲ. "ಒಂದು ಸಲ ಬಂದು ನಿಮ್ಮ ಗುಡಾರದಾಗ ಕೂತಿದ್ರ ಗೊತ್ತಾಗ್ತಿತ್ತು. ಇಲ್ಲಿಂದ ನೂರು ಹೆಜ್ಜೆ. ನಾನು ಬರಲಿಲ್ಲ."

ಅವರು ಕರುಳ್ತಾಳಿಕೆಯನ್ನು ಅಳಿಸಿದರು. ಎರಡು ವರ್ಷ ಪ್ರತಿ ಮನೆಯಲ್ಲೂ ಒಲೆ ಇತ್ತು, ಈಗ ಇಲ್ಲ ಎಂದು ತುಂಬಿದರು. ಗುಂಡಿ ಒತ್ತಿದರು. ಕೆಂಪು ಒಂಬತ್ತನೆಯ ಸಾಲಿನಿಂದ ಹೊರಟು ಮೇಜಿನ ಅಂಚಿನವರೆಗೂ ಹರಿಯಿತು. ಚುಕ್ಕಿಗಳು ಆರುತ್ತಲೇ ಹೋದವು. ಇಪ್ಪತ್ತೊಂದನೆಯ ದಿನಕ್ಕೆ ಸಂಖ್ಯೆ ನಾಲ್ಕುನೂರ ಹತ್ತಕ್ಕೆ ನಿಂತಿತು.

ಅಲ್ಲೇ ಅವಳೆದುರಿಗೇ ಅವರು ಔಷಧ ಹಂಚಿಕೆ ಕೇಂದ್ರಕ್ಕೆ ಕರೆ ಮಾಡಿದರು. ಅತ್ತಲಿನ ದನಿ ಸಭ್ಯವಾಗಿತ್ತು. "ಎರಡು ವರ್ಷದ ದಾಖಲೆಯಲ್ಲಿ ನಲ್ಲಿ ನೀರು ಎಂದೇ ಇದೆಯಲ್ಲ ಡಾಕ್ಟರೇ?"

"ಅದು ತಪ್ಪು ದಾಖಲೆ. ಸಖಿಯೇ ಒಪ್ಪಿಕೊಂಡಿದ್ದಾಳೆ. ಒಲೆಗಳನ್ನು ಬೆಂಕಿ ಇಲಾಖೆಯವರೇ ಹೊತ್ತೊಯ್ದಿದ್ದಾರೆ, ಅವರನ್ನು ಕೇಳಿ."

"ಒಲೆ ಇತ್ತು ಎಂಬುದಕ್ಕೆ ಸಾಕ್ಷಿ ಆಯಿತು. ಅದರ ಮೇಲೆ ಇವರು ಕುಡಿಯುವ ತಿಳಿ ಕುದಿಯುತ್ತಿತ್ತು ಎಂಬುದಕ್ಕೆ? ಸುಳ್ಳು ಬರೆದೆ ಎನ್ನುವವಳ ಮಾತನ್ನು ಈಗ ಹೇಗೆ ನಂಬುವುದು? ಮರುಸಮೀಕ್ಷೆ ಆಗಬೇಕು. ಒಂಬತ್ತು ದಿನ ಕಾಯಿರಿ. ಬೇರೆ ಶಿಬಿರಗಳ ಮೇಜುಗಳು ಆರುನೂರು, ಏಳುನೂರು ಎನ್ನುತ್ತಿವೆ."

ಸುಳ್ಳಿಗೆ ಎರಡು ವರ್ಷದ ದಾಖಲೆ ಇತ್ತು. ನಿಜಕ್ಕೆ ಒಂದು ಹಾಳೆಯೂ ಇರಲಿಲ್ಲ.

ಗುಡಾರಕ್ಕೆ ಮರಳಿದಾಗ ಹದಿಮೂರು ವರ್ಷದ ಮಗಳು ಶಾಂಭವಿ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದಳು. "ಅಮ್ಮ, ನಂಗೂ ಶುರುವಾಯ್ತ್," ಎಂದಳು. ಅತ್ತೆಗೆ ಶುರುವಾಗಿ ಮುಗಿಯಲು ಇಪ್ಪತ್ತೆರಡು ಗಂಟೆ ಹಿಡಿದಿತ್ತು. ಇವಳಿಗೆ ಎಷ್ಟು ಗಂಟೆ ಎಂದು ಅವಳ ಮನಸ್ಸು ತಾನಾಗಿಯೇ ಎಣಿಸತೊಡಗಿತು.

ಅವಳು ರತ್ನಾವತಿಯ ಬಳಿಗೆ ಓಡಿದಳು. ರತ್ನಾವತಿ ಈ ಸಲ ಒಂದು ಮಾತೂ ಆಡದೆ ಮಣ್ಣು ಕೆದರಿ ಒಲೆ ತೆಗೆದಳು. ಮಂಚದ ಹಲಗೆ ಮುರಿದು ಉರಿ ಹಾಕಿದರು. ಗಂಜಿ ಇನ್ನೂ ಕುದಿ ಬಂದಿರಲಿಲ್ಲ, ಕಂಬದ ಮೇಲಿನ ಹೊಗೆಗಣ್ಣು ಕೂಗಿಕೊಂಡಿತು. ಸಾಯುವವರಿಗೆ ಒಂಬತ್ತು ದಿನ ಕಾಯಿರಿ ಎಂದ ಸರ್ಕಾರ ಹೊಗೆಗೆ ಹದಿನೆಂಟೇ ನಿಮಿಷದಲ್ಲಿ ಬಂತು. ಗಾಡಿಯಿಂದ ಇಳಿದ ಮುಖ್ಯಸ್ಥ ಯಮನೂರಪ್ಪ, "ಏನ್ರೀ ಯವ್ವಾ, ಎಷ್ಟ್ ಸಲ ಹೇಳಬೇಕ್ ನಿಮಗ?" ಎಂದು ಗದರಿದ. ಅವನ ಆಳು ಕೊಳವೆ ಹಿಡಿದು ಒಲೆ, ಗಂಜಿ ಎರಡಕ್ಕೂ ನೀರು ಹೊಡೆದ. ಆ ನೀರು ಜಲಜಾಕ್ಷಿಯ ಮುಖಕ್ಕೂ ಸಿಡಿಯಿತು, ತುಟಿಗೆ ತಾಗಿತು. ಸಿಹಿ ನೀರು. ದಿನ್ನೆಗೆ ಬಂದ ನಾಲ್ಕು ವರ್ಷದಲ್ಲಿ ಅಂಥ ನೀರು ಅವಳು ಕುಡಿದಿರಲಿಲ್ಲ.

"ಹ್ವಾಯ್, ಇದ್ ಎಲ್ಲಿಯ ನೀರ್?"

"ಪಟ್ಟಣದ ಕುಡಿಯೂ ನೀರಿನ ಟ್ಯಾಂಕಿಂದು. ಯಾಕ್ರೀ?"

"ನಂಗೆ ಕೊಡಿ. ಮಗು ಸಾಯ್ತಾ ಇತ್ತ್."

ಯಮನೂರಪ್ಪ ಶಾಂಭವಿಯ ಕಡೆ ನೋಡಿದ, ಗದರಿಕೆ ಮರೆತುಹೋಯಿತು. ಉಳಿದ ನೀರನ್ನೆಲ್ಲ ಅಕ್ಕಪಕ್ಕದವರ ಕೊಡಪಾನಕ್ಕೆ ಬಿಟ್ಟ. ದಿನಾ ತಂದುಕೊಡಿ ಎಂದು ಜಲಜಾಕ್ಷಿ ಕೈಮುಗಿದಳು. "ತರಾಕ ಆಗೂದಿಲ್ರವ್ವ. ಹೊಗೆಗಣ್ಣಿನ ಸೂಚನಾ ಬರದಽ ಗಾಡಿ ಚಾಲೂನಽ ಆಗೂದಿಲ್ಲ, ಶಿಬಿರದ ಬಾಗಿಲೂ ತೆರಿಯೂದಿಲ್ಲ. ಎಲ್ಲಾ ಯಂತ್ರದ ಕೈಯಾಗ ಐತಿ," ಎಂದು ಹೇಳಿ, ಮುಖ ಬಾಡಿಸಿಕೊಂಡು ಹೊರಟುಹೋದ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ಬಾವಿಗಾಗಿ ಮನೆಗೆ ಬೆಂಕಿ ಇಟ್ಟವರನ್ನು ಗಾದೆ ಕಟ್ಟಿದವರು ಕಂಡಿರಲಿಲ್ಲ. ಒಲೆ ಒದ್ದೆಯಾಗಿ ಹೋಗಿತ್ತು, ಗುಡಾರ ಉರಿದರೆ ಗಂಜಿಗೆ ಕೆಂಡವೂ ಸಿಗುತ್ತದೆ, ಹೊಗೆಗೆ ನೀರಿನ ಗಾಡಿಯೂ ಬರುತ್ತದೆ. ಜಲಜಾಕ್ಷಿ ಮಗಳನ್ನು ಹೊತ್ತು ಹೊರಗೆ ಮಲಗಿಸಿದಳು. ಅಕ್ಕಿಯ ಡಬ್ಬ, ಉಪ್ಪು, ಒಂದು ಪಾತ್ರೆ ಹೊರಗಿಟ್ಟಳು. ನೆರೆಯವರಿಗೆ ದೂರ ಸರಿಯಲು ಹೇಳಿ ತನ್ನ ಗುಡಾರಕ್ಕೆ ಕಡ್ಡಿ ಗೀರಿದಳು. ಅತ್ತೆಯ ಸೀರೆಗಳು ಒಳಗಿದ್ದವು, ಗಂಡನ ಒಂದೇ ಫೋಟೋ ಒಳಗಿತ್ತು. ತೆಗೆಯಬೇಕೆಂದು ಹೊಳೆಯುವಷ್ಟರಲ್ಲಿ ಬಟ್ಟೆಯ ಗೋಡೆ ಉರಿದು ಬಿದ್ದಿತ್ತು. ಗಾಡಿ ಬರುವುದರೊಳಗೆ ಆ ಕೆಂಡದ ಮೇಲೇ ಪಾತ್ರೆ ಇಟ್ಟು, ಯಮನೂರಪ್ಪ ಕೊಟ್ಟುಹೋಗಿದ್ದ ನೀರಿನಲ್ಲಿ ಗಂಜಿ ಕುದಿಸಿದಳು. ಮಗಳಿಗೆ ತಿಳಿ ಕುಡಿಸಿದಳು. ಶಾಂಭವಿ ಕಕ್ಕಿದಳು, ಮತ್ತೆ ಕುಡಿಸಿದಳು. ಸಂಜೆಯ ಹೊತ್ತಿಗೆ ಒಂದು ಲೋಟ ಹೊಟ್ಟೆಯಲ್ಲಿ ನಿಂತಿತು.

ಮರುದಿನ ರತ್ನಾವತಿ ತನ್ನ ಗುಡಾರ ಸುಟ್ಟಳು. ಎರಡು ಸಲವೂ ಯಮನೂರಪ್ಪ ಏನೂ ಕೇಳದೆ ನೀರು ಕೊಟ್ಟ. ಮೂರನೆಯ ಗುಡಾರ ಉರಿದಾಗ ಮಾತ್ರ ಬಂದದ್ದು ನೀರಿನ ಗಾಡಿಯಲ್ಲ, ನೊರೆಯ ಗಾಡಿ. ಕೆಂಪುದಿನ್ನೆಯಲ್ಲಿ ಗುಡಾರಗಳು ಪದೇಪದೇ ಉರಿಯುತ್ತಿವೆ ಎಂದು ಬೆಂಕಿಯ ಯಂತ್ರವೂ ತನ್ನನ್ನು ತಿದ್ದಿಕೊಂಡಿತ್ತು. ಗುಡಾರಕ್ಕೆ ನೀರು ದಂಡ, ಸಾಬೂನಿನ ನೊರೆ ಸಾಕು ಎಂದು ಅದರ ತೀರ್ಮಾನ. ಬಿಳಿ ನೊರೆಯ ನಡುವೆ ಖಾಲಿ ಕೊಡಪಾನ ಹಿಡಿದು ಇನ್ನೂರು ಜನ ನಿಂತಿದ್ದರು. ಆ ಹೊತ್ತಿಗೆ ಸತ್ತವರ ಸಂಖ್ಯೆ ನಲವತ್ತು ದಾಟಿತ್ತು. ಒಂದು ಲೋಟ ತಿಳಿಯಿಂದ ಎದ್ದು ಕೂತಿದ್ದ ಶಾಂಭವಿಗೆ ಮತ್ತೆ ಭೇದಿ ಶುರುವಾಯಿತು, ಪಾತ್ರೆಗೆ ಒಳ್ಳೆಯ ನೀರೂ ಇರಲಿಲ್ಲ, ನಲ್ಲಿಯದನ್ನು ಕುದಿಸೋಣವೆಂದರೆ ನೊರೆಯಡಿ ಕೆಂಡವೂ ಉಳಿದಿರಲಿಲ್ಲ.

ಡಾಕ್ಟರು ಆ ದಿನ ಮೇಜು ಬಿಟ್ಟು ಶಿಬಿರದೊಳಗೆ ಬಂದಿದ್ದರು. ನೊರೆಯಲ್ಲಿ ಕಾಲಿಟ್ಟುಕೊಂಡು ಯಮನೂರಪ್ಪನ ಹತ್ತಿರ ಹೋಗಿ ಕೇಳಿದರು. "ನೀರಿನ ಗಾಡಿ ಬರಬೇಕಂದ್ರ ಏನ್ ಉರೀಬೇಕ್ರಿ?"

ಯಮನೂರಪ್ಪ ತಲೆ ತಗ್ಗಿಸಿ ಹೇಳಿದ. "ಸರ್ಕಾರಿ ಕಟ್ಟಡ ಆದ್ರ ಏಳು ಗಾಡಿ ಸಾಹೇಬ್ರ, ಮೂರು ಊರಿಂದ. ಒಂದೊಂದರಾಗ ಹನ್ನೆರಡು ಸಾವಿರ ಲೀಟರ್. ಮಂದಿ ಮನಿಗೆ ನೊರಿ."

ಆಸ್ಪತ್ರೆಯೂ ಗುಡಾರದಲ್ಲೇ ಇತ್ತು, ದಿನ್ನೆಯ ಮೇಲೆ ಸರ್ಕಾರಿ ಕಟ್ಟಡ ಎಂದು ಇದ್ದದ್ದು ಮೇಜಿನದೊಂದೇ. ಡಾಕ್ಟರು ಅತ್ತ ನಡೆದರು. ಏನೋ ಹೊಳೆದವಳಂತೆ ಜಲಜಾಕ್ಷಿ ಹಿಂದೆಯೇ ಓಡಿದಳು. ಅವರು ಒಳಗೆ ಹೋಗಿ ಮೇಜಿಗೆ ಎಂಬತ್ತನಾಲ್ಕು ಸಾವಿರ ಲೀಟರ್ ಒಳ್ಳೆಯ ನೀರು, ಸಾವಿರ ಒಲೆ ಎಂದು ತುಂಬಿದರು. ಗುಂಡಿ ಒತ್ತಿ ಕೈಕಟ್ಟಿ ನಿಂತರು. ಕೆಂಪು ಹರಿಯಿತು, ತಡೆಯಿತು, ಹಿಂದೆ ಸರಿಯಿತು. ಎಪ್ಪತ್ತು.

"ಡಾಕ್ಟ್ರೇ, ಇದ್ ನಿಮ್ಮ ಹದಿನೈದ್ ವರ್ಷದ ಕೆಲ್ಸ ಅಲ್ದಾ?" ಎಂದಳು ಜಲಜಾಕ್ಷಿ.

"ಹದಿನೇಳು," ಎಂದರು ಅವರು. "ನಾಲ್ಕುನೂರ ಹತ್ತರಾಗ ಎಪ್ಪತ್ತು ಕಳೀರಿ. ಮುನ್ನೂರ ನಲವತ್ತು. ಇಷ್ಟು ಮಂದಿನ್ನ ಈ ಮೇಜು ಇಷ್ಟು ವರ್ಷದಾಗ ಎಲ್ಲೂ ಉಳಿಸಿಲ್ಲ." ಗೋಡೆಯ ಪರದೆ ಕಿತ್ತು ಮೇಜಿನ ಕೆಳಗೆ ಹಾಕಿದರು. ಲೆಕ್ಕ ಮುಗಿಸಿ ಇಂದಿಗೆ ಮರಳಿದ್ದ ಮೇಜಿನೊಳಗೆ ಆಗ ಮಧ್ಯಾಹ್ನದ ಹೊತ್ತು, ಚುಕ್ಕಿಗಳು ನಲ್ಲಿಯ ಮುಂದೆ ಸಾಲು ನಿಂತಿದ್ದವು. ಸತ್ತವರ ಹೆಸರನ್ನು ಅದಕ್ಕೆ ತಿಳಿಸಲು ಆ ವಾರ ಯಾವ ಸಖಿಗೂ ಪುರಸತ್ತು ಆಗಿರಲಿಲ್ಲ. ಜಲಜಾಕ್ಷಿ ತನ್ನ ಗುಡಾರವನ್ನು ಹುಡುಕಿದಳು. ಅಲ್ಲಿ ಮೂರು ಚುಕ್ಕಿಗಳಿದ್ದವು. ಒಂದು ಬಾಗಿಲ ಬಳಿ ನಿಧಾನವಾಗಿ ಅಲ್ಲಾಡುತ್ತಿತ್ತು, ವಯಸ್ಸಾದವರು ಕೂತು ಎದ್ದು ಮಾಡುವ ಹಾಗೆ. ಅವಳು ಅದನ್ನೇ ನೋಡುತ್ತ ನಿಂತಳು. ಡಾಕ್ಟರು ಅವಳ ಭುಜ ಮುಟ್ಟಿ, "ಹೊರಗ ನಡೀರಿ," ಎಂದರು.

ಕಡ್ಡಿ ಗೀರಿದ್ದು ಅವರೇ. ಅದನ್ನು ಅವರು ವಿಚಾರಣೆಯಲ್ಲೂ ಮುಚ್ಚಿಡಲಿಲ್ಲ. ಸರ್ಕಾರಿ ಸ್ವತ್ತು ಸುಟ್ಟ ತಪ್ಪಿಗೆ ಅವರಿಗೆ ಜೈಲಾಯಿತು. ನಾಡಿನ ಎಲ್ಲ ಪ್ರತಿಶಿಬಿರ ಕಟ್ಟಡಗಳಿಗೂ ಬೆಂಕಿ ತಾಗದ ಗೋಡೆ ಕಟ್ಟಿಸಬೇಕೆಂದು ಆದೇಶವಾಯಿತು. ಕೆಂಪುದಿನ್ನೆಯಲ್ಲಿ ಸತ್ತವರು ಕೊನೆಗೆ ಅರವತ್ತೆಂಟು. ಮೇಜು ತನ್ನ ಕೊನೆಯ ಮಾತನ್ನು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿತ್ತು, ಆದರೆ ಅದನ್ನು ಹೊಗಳಲು ಮೇಜೇ ಉಳಿದಿರಲಿಲ್ಲ.

ಅಂದು ಮಾತ್ರ ಏಳು ಗಾಡಿಗಳೂ ಬಂದವು. ಕಟ್ಟಡ ಧಗಧಗ ಉರಿಯುತ್ತಿತ್ತು. "ಉರಿಯೂದು ಉರೀಲಿ ಬಿಡ್ರಲೇ," ಎಂದು ಕೂಗಿ ಯಮನೂರಪ್ಪ ಕೊಳವೆಗಳನ್ನು ಜನರ ಡ್ರಮ್ಮುಗಳ ಕಡೆಗೆ ತಿರುಗಿಸಿದ. ದಿನ್ನೆಯೆಲ್ಲ ಹೊಗೆ ತುಂಬಿದ್ದರಿಂದ ಒಲೆಯ ಹೊಗೆ ಯಾವುದು, ಕಟ್ಟಡದ್ದು ಯಾವುದು ಎಂದು ಹೊಗೆಗಣ್ಣಿಗೆ ತಿಳಿಯಲಿಲ್ಲ. ಮೂರು ಕಲ್ಲಿಟ್ಟ ಕಡೆಯಲ್ಲೆಲ್ಲ ಗಂಜಿ ಕುದಿಯತೊಡಗಿತು. ಶಾಂಭವಿ ರತ್ನಾವತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು, ಉಸಿರಾಡುತ್ತಿದ್ದಳು.

ಏಳನೆಯ ಗಾಡಿಯ ಚಾಲಕ ಬೇರೆ ಊರಿನವನು, ಅವನಿಗೆ ಇಲ್ಲಿಯ ಕಥೆ ಗೊತ್ತಿರಲಿಲ್ಲ. ಕುಸಿಯುತ್ತಿದ್ದ ಮಾಡನ್ನು ಕಂಡು ಗಾಬರಿಯಾಗಿ, ಸಾಲಿನ ತುದಿಯಲ್ಲಿದ್ದ ಜಲಜಾಕ್ಷಿಯನ್ನು ಕೇಳಿದ. "ಯವ್ವಾ, ಒಳಗ ಯಾರರ ಇದ್ರೇನು?"

ಜಲಜಾಕ್ಷಿ ಉರಿಯ ಕಡೆಗೆ ಒಮ್ಮೆ ನೋಡಿದಳು.

"ನಮ್ ಊರಿಗ್ ಊರೇ ಒಳ್ಗ್ ಇತ್ತ್, ಹ್ವಾಯ್," ಎಂದಳು. "ನಮ್ಮತ್ತೆಯೂ ಇದ್ದಿದ್ಲ್."

ಅವನಿಗೆ ಅರ್ಥವಾಗಲಿಲ್ಲ. ಅವಳು ಕೊಡಪಾನವನ್ನು ಕೊಳವೆಯ ಬಾಯಿಗೆ ಹಿಡಿದಳು.